ಮೋಟು ಚಿಲುಮೆ

ದಲ್ಲೆಯ ಸಿಟ್ಟಿನ ಕತೆ ಹೇಳಬೇಕಾದರೆ ಅವಳ ಅತ್ತೆಯ ಚಿಲುಮೆಯಿಂದಲೇ ಶುರು ಮಾಡಬೇಕು. ಎರಡು ಮೊಳ ಉದ್ದದ ಬಿದಿರಿನ ಕೊಳವೆ, ಅದರ ತುದಿಗೆ ಹಿತ್ತಾಳೆಯ ಪುಟ್ಟ ಬಟ್ಟಲು. ಅಷ್ಟುದ್ದದ ಚಿಲುಮೆಯನ್ನು ಬಾಯಿಗಿಟ್ಟುಕೊಂಡರೆ ಬಟ್ಟಲಿಗೆ ಸ್ವಂತ ಕೈ ಎಟುಕುವುದಿಲ್ಲ. ಇನ್ನೊಬ್ಬರು ಎದುರಿಗೆ ಮಂಡಿಯೂರಿ ಕೂತು ಕೆಂಡ ಹಿಡಿಯಬೇಕು. ಆ ಕಾಲದಲ್ಲಿ ಕೊರಿಯಾದ ನಮ್ಮ ಚುಂಗ್‌ಚೊಂಗ್ ಸೀಮೆಯ ಹಳೇ ಮನೆಗಳಲ್ಲಿ ಉದ್ದ ಚಿಲುಮೆ ಅಂದರೆ ಯಜಮಾನಿಕೆ, ಮೋಟು ಚಿಲುಮೆ ಅಂದರೆ ಆಳುಕಾಳು. ಸೋಲ್ಗೋಲ್ ಊರಿನ ಆ ಮನೆಯಲ್ಲಿ ಉದ್ದ ಚಿಲುಮೆ ಅತ್ತೆಯದು, ಕೆಂಡ ಹಿಡಿಯುವ ಕೈ ದಲ್ಲೆಯದು. ಮದುವೆಯಾಗಿ ಬಂದ ಮರುದಿನ ಬೆಳಿಗ್ಗೆ ಶುರುವಾದ ಆ ಕೆಲಸ ಅವಳ ತಲೆಯಲ್ಲಿ ನರೆ ಕಾಣಿಸಿಕೊಂಡರೂ ನಿಂತಿರಲಿಲ್ಲ.

ಸೇದಿ ಮುಗಿಸಿದ ಮೇಲೆ ಮುದುಕಿ ಚಿಲುಮೆಯನ್ನು ಹಿತ್ತಾಳೆಯ ಬೂದಿಬಟ್ಟಲಿನ ಅಂಚಿಗೆ ಕುಟ್ಟುತ್ತಿದ್ದಳು. ಟಣ್, ಟಣ್. ಬೂದಿ ಉದುರುವುದಕ್ಕೆ ಒಂದೇ ಏಟು ಸಾಕು, ಎರಡನೆಯದು ಸೊಸೆಗೆ. ನೀರು ಬೇಕಾದರೂ ಟಣ್, ಬೆನ್ನು ತುರಿಸಬೇಕಾದರೂ ಟಣ್, ಅಂಗಳಕ್ಕೆ ಪಕ್ಕದ ಮನೆಯ ಕೋಳಿ ನುಗ್ಗಿದರೂ ಟಣ್. ದಲ್ಲೆ ಕೂಸಿಗೆ ಹಾಲೂಡುತ್ತಿರಲಿ, ಜ್ವರ ಬಂದು ಮಲಗಿರಲಿ, ಆ ಸದ್ದಿಗೆ ಎದ್ದು "ಬಂದೆ ಅತ್ತೆಮ್ಮಾ" ಅನ್ನಬೇಕು. ನಾಯಿಯನ್ನಾದರೂ ಹೆಸರು ಹಿಡಿದು ಕೂಗುತ್ತಾರೆ. ದಲ್ಲೆಗೆ ಆ ಊರಿನಲ್ಲಿ ಹೆಸರೂ ಇರಲಿಲ್ಲ. ಊರಿನವರಿಗೆ ಅವಳು ತವರೂರಿನ ಹೆಸರಿನಿಂದ ಬಾಮ್ಗೋಲಿನವಳು, ಗಂಡನಿಗೆ ಯೊನ್ಸಿಲ್ ಅಮ್ಮ, ಅತ್ತೆಗೆ "ಮಗು". ಮಗಳು ಯೊನ್ಸಿಲ್ ಮದುವೆಯಾಗಿ ಗಂಡನ ಮನೆ ಸೇರಿದ್ದರೂ ಇವಳಿನ್ನೂ ಮಗುವಂತೆ.

ಇನ್ನು ಗಂಡ. ಮಾನ್ಸು ಪೇಟೆಯಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ. ಅಲ್ಲಿ ಅವನದು ದೊಡ್ಡ ದನಿ, ಚಿನ್ನದ ಹಲ್ಲು, ತುಟಿಯ ಮೇಲೆ ಸದಾ ಸಿಗರೇಟು. ಆದರೆ ದೊಡ್ಡವರ ಎದುರು ಚಿಕ್ಕವರು ಹೊಗೆ ಬಿಡುವಂತಿಲ್ಲ. ಎದುರುಬದುರು ಕೂತು ಸೇದುವುದು ಸರಿಸಮಾನರು ಮಾತ್ರ. ಹಾಗಾಗಿ ತಾಯಿಯ ಮನೆಗೆ ಬಂದನೆಂದರೆ ಈ ದೊಡ್ಡ ಮನುಷ್ಯ ಸಿಗರೇಟಿನ ಪೊಟ್ಟಣವನ್ನು ಕಾಲುಚೀಲದೊಳಗೆ ತುರುಕಿಕೊಂಡು, ಹಿತ್ತಲ ಪಾಯಿಖಾನೆಯ ಮರೆಗೆ ಹೋಗಿ ಕದ್ದು ಸೇದಿ, ಬಾಯಿ ಮುಕ್ಕಳಿಸಿ ಒಳಗೆ ಬರುತ್ತಿದ್ದ. ಪೇಟೆಯಲ್ಲಿ ಇನ್ನೊಬ್ಬಳನ್ನು ಇಟ್ಟುಕೊಂಡದ್ದಕ್ಕೆ ನಾಚದವನು ಅಮ್ಮನ ಎದುರು ಸಿಗರೇಟಿಗೆ ನಾಚುತ್ತಿದ್ದ. ಅದನ್ನು ಕಂಡರೆ ದಲ್ಲೆಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಇನ್ನೊಬ್ಬಳಿಗೆ ಗಂಡು ಮಗು ಇತ್ತು. ಆ ವರ್ಷ ಸುಗ್ಗಿ ಮುಗಿದ ಮೇಲೆ ಮಾನ್ಸು ಬಂದು, ತಾಯಿಗೆ ತಲೆಬಾಗಿ ನಮಸ್ಕಾರ ಮಾಡಿ, ತಾನು ನಿಶ್ಚಯ ಮಾಡಿದ್ದನ್ನು ಹೇಳಿದ. ಚಳಿಗಾಲಕ್ಕೆ ಎಲೆಕೋಸಿನ ಉಪ್ಪಿನಕಾಯಿ ಕಿಮ್ಚಿ ಹಾಕಿ ಮುಗಿಯಲಿ, ಆಮೇಲೆ ಪೇಟೆಯವಳನ್ನು ಮಗನ ಸಮೇತ ಕರೆತರುತ್ತೇನೆ. ಅಮ್ಮನಿಗೂ ವಯಸ್ಸಾಯಿತು, ಎದುರು ಕೋಣೆಗೆ ಹೋಗಿ ಹಾಯಾಗಿರಲಿ. ಒಳಕೋಣೆ ಪೇಟೆಯವಳಿಗೆ. ಯೊನ್ಸಿಲ್ ಅಮ್ಮ ಹಿತ್ತಲ ಕೋಣೆಯಲ್ಲಿ ಇದ್ದರಾಯಿತು.

ಒಳಕೋಣೆಯನ್ನು ಬರೀ ನಾಲ್ಕು ಗೋಡೆ ಅಂದುಕೊಂಡರೆ ಈ ಕತೆ ಅರ್ಥವಾಗುವುದಿಲ್ಲ. ಅಡುಗೆಮನೆಯ ಒಲೆಗೆ ಬೆಂಕಿ ಹಾಕಿದರೆ ಬಿಸಿ ನೆಲದಡಿ ಹರಿದು ಮೊದಲು ಕಾಯಿಸುವುದು ಆ ಕೋಣೆಯನ್ನು. ಅಕ್ಕಿ ಪೆಟ್ಟಿಗೆಯ ಬೀಗದಕೈ ಇರುವುದು ಅಲ್ಲಿ. ಅತ್ತೆ ಮುದುಕಿಯಾದಾಗ ತಾನಾಗಿ ಎದ್ದು ಎದುರು ಕೋಣೆಗೆ ಹೋಗಿ ಒಳಕೋಣೆಯನ್ನು ಸೊಸೆಗೆ ಬಿಡುವುದು ಪದ್ಧತಿ. ಅಂದಿನಿಂದ ಸೊಸೆಯೇ ಯಜಮಾನಿ. ಇಷ್ಟು ವರ್ಷ ಆ ಒಲೆಗೆ ಸೌದೆ ತುರುಕಿ ಹೊಗೆ ಕುಡಿದದ್ದು ದಲ್ಲೆ, ಬಿಸಿ ನೆಲದ ಮೇಲೆ ಕೂತದ್ದು ಅತ್ತೆ. ಇನ್ನೇನು ತನ್ನ ಸರದಿ ಬಂತು ಅನ್ನುವಾಗ ದನದ ಕೊಟ್ಟಿಗೆಗೆ ಅಂಟಿಕೊಂಡ ತಣ್ಣನೆಯ ಕೋಣೆಗೆ ನಡಿ ಅಂದರೆ ಯಾರ ಹೊಟ್ಟೆ ಉರಿಯುವುದಿಲ್ಲ ಹೇಳಿ. ಮುದುಕಿ ಮಗನ ಮಾತನ್ನೆಲ್ಲ ಕೇಳಿಸಿಕೊಂಡು ಬೂದಿ ಕುಟ್ಟಿದಳು, ಅಷ್ಟೆ. ದಲ್ಲೆ ಬಾಯಿ ತೆರೆಯುವಂತಿರಲಿಲ್ಲ. ಎದುರಾಡಿದರೆ ತವರಿಗೆ ಹೋಗು ಅಂತಾರೆ. ತವರಲ್ಲಿ ಯುದ್ಧ ಉಳಿಸಿಹೋದದ್ದು ಸುಟ್ಟ ಗೋಡೆಗಳನ್ನು ಮಾತ್ರ.

ಅಂದಿನಿಂದ ಅವಳಿಗೆ ಹೊಟ್ಟೆನೋವು ಹತ್ತಿಕೊಂಡಿತು. ಊಟವಾದ ಮೇಲೆ ಎದೆಯ ಕೆಳಗೆ ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತಿತ್ತು. ಪಕ್ಕದ ಮನೆಯಲ್ಲಿ ಸೋಯಾ ಹಾಲು ಒಡೆಸಿ ತೋಫು ಮಾಡಿ ಮಾರುವ ಮುದುಕಿಯೊಬ್ಬಳಿದ್ದಳು, ಊರಿಗೆಲ್ಲ ತೋಫು ಅಜ್ಜಿ. ಹೊಟ್ಟೆಹುಳುವಿಗೆ ಹೊಗೆಸೊಪ್ಪೇ ಮದ್ದು ಅಂತ ನಮ್ಮ ಹೆಂಗಸರು ನಂಬಿದ್ದ ಕಾಲ ಅದು. ಅಜ್ಜಿ ದಲ್ಲೆಯ ಮುಖ ನೋಡಿದಳು, ಒಳಗೆ ಹೋಗಿ ತೀರಿಕೊಂಡ ಗಂಡನ ಮೋಟು ಚಿಲುಮೆಯನ್ನೂ ಒಂದು ಹಿಡಿ ಸೊಪ್ಪನ್ನೂ ತಂದು ಅವಳ ಮಡಿಲಿಗೆ ಹಾಕಿದಳು.

"ಹುಳ ಅಲ್ಲ ಕಣೆ ಇದು, ಸಿಟ್ಟು," ಅಂದಳು. "ಆದ್ರೆ ಯಾರಾದ್ರೂ ಕೇಳಿದ್ರೆ ಹುಳ ಅಂತಾನೇ ಹೇಳು."

ದಲ್ಲೆ ಬೆಳಗಿನ ಅನ್ನ ಇಳಿಸಿದ ಮೇಲೆ ಒಲೆಯ ಎದುರು ಕುಕ್ಕುರುಗಾಲಲ್ಲಿ ಕೂತು ಸೇದತೊಡಗಿದಳು. ವಾಸನೆ ಹೊರಗೆ ಹೋಗದಿರಲಿ ಅಂತ ಹೊಗೆಯನ್ನು ಒಲೆಯ ಬಾಯಿಗೇ ಊದಿಬಿಡುತ್ತಿದ್ದಳು. ಅದು ಸೌದೆಯ ಹೊಗೆಯ ಜೊತೆ ಸೇರಿ ನೆಲದಡಿ ಹರಿದು, ಮುದುಕಿಯ ಕುಂಡೆಯ ಕೆಳಗಿನಿಂದಲೇ ಹಾದು, ಮನೆಯ ಆಚೆ ಬದಿಯ ಹೊಗೆಗೂಡಿನಲ್ಲಿ ಹೊರಬೀಳುತ್ತಿತ್ತು. ಅದನ್ನು ನೆನೆದಾಗ ಮಾತ್ರ ಅವಳಿಗೆ ಚೂರು ಸಮಾಧಾನವಾಗುತ್ತಿತ್ತು.

ಬಾಯಿಯ ಕತೆ ಬೇರೆ. ಮೊದಲ ದಿನವೇ ನಾಲಿಗೆಯ ತುದಿ ಚುರುಚುರು ಅಂದಿತು. ಸ್ವಲ್ಪ ದಿನದಲ್ಲೇ ನಾಲಿಗೆಯ ಮೇಲೆ ಸಿಪ್ಪೆ ಸುಲಿದು, ಅಂಗುಳಲ್ಲಿ ಬೊಬ್ಬೆ ಎದ್ದು, ತುಟಿಯ ಒಳಬದಿ ಬಿರುಕು ಬಿಟ್ಟಿತು. ಬಿಸಿ ಸಾರು ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ಖಾರದಪುಡಿ ಬಿದ್ದದ್ದನ್ನು ಮುಟ್ಟುವಂತಿಲ್ಲ, ಖಾರದಪುಡಿ ಬೀಳದ ಅಡುಗೆ ಆ ಮನೆಯಲ್ಲಿ ಇಲ್ಲ. ಉಪ್ಪುನೀರು ಮುಕ್ಕಳಿಸಿದಳು, ಉರಿ ಇನ್ನೂ ಏರಿತು. ಎಳ್ಳೆಣ್ಣೆ ಸವರಿದಳು, ಬಾಯೆಲ್ಲ ಜಿಡ್ಡಾಯಿತೇ ಹೊರತು ಗಾಯ ಮಾಯಲಿಲ್ಲ. ಮೂಲಂಗಿ ಕಿಮ್ಚಿಯ ತಣ್ಣನೆ ನೀರನ್ನು ಕೆನ್ನೆಯಲ್ಲಿ ಹಿಡಿದುಕೊಂಡು ಪಾತ್ರೆ ತೊಳೆದಳು. ತೋಫು ಅಜ್ಜಿಯ ಮನೆಗೆ ಹೋಗಿ ಆರಿದ ತೋಫು ಚೂರನ್ನು ನಾಲಿಗೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಳು. ಅಜ್ಜಿ ಒಂದು ದಿನ ಸೊಪ್ಪು ಬಿಗಿಯಾಗಿ ತುಂಬಬೇಡ ಅಂದಳು, ಇನ್ನೊಂದು ದಿನ ಸಡಿಲ ಬಿಡಬೇಡ ಅಂದಳು, ಕೊನೆಗೆ ಮೊದಮೊದಲು ಎಲ್ಲರಿಗೂ ಹೀಗೇ ಅಂತ ಕೈತೊಳೆದುಕೊಂಡಳು.

ತಪ್ಪು ಎಲ್ಲಿತ್ತು ಅಂದರೆ, ಯಾರ ಕಣ್ಣಿಗೂ ಬೀಳದಿರಲಿ ಅಂತ ಅವಳು ಸೊಪ್ಪಿನ ಚೀಲವನ್ನು ಒಲೆಯ ಮೇಲಿನ ತೊಲೆಯ ಸಂದಿಗೆ ಸಿಕ್ಕಿಸಿದ್ದಳು. ಅಲ್ಲಿ ಅದು ಒಣಗಿ ಹಪ್ಪಳವಾಗಿತ್ತು, ಕೆಂಡ ತಾಗಿದರೆ ಭಗ್ಗೆನ್ನುತ್ತಿತ್ತು. ಅದಕ್ಕಿಂತ ದೊಡ್ಡ ತಪ್ಪು ಅವಳು ಎಳೆಯುವ ರೀತಿ. ಮಾನ್ಸುವಿನ ಚಿನ್ನದ ಹಲ್ಲು ನೆನಪಾದರೆ ಒಂದು ದಮ್ಮು, ಹಿತ್ತಲ ಕೋಣೆ ನೆನಪಾದರೆ ಇನ್ನೊಂದು, ಒಳಗಿನಿಂದ ಟಣ್ ಅಂದರೆ ಬಟ್ಟಲು ಕೆಂಪಗಾಗುವ ಹಾಗೆ ಮತ್ತೊಂದು. ಬಾಯಿ ಬೆಂದುಹೋಗದೆ ಇನ್ನೇನಾದೀತು. ಹಾಗಂತ ಬಿಡಲಿಲ್ಲ. ಆ ಮನೆಯಲ್ಲಿ ತನ್ನದು ಅಂತ ಅವಳಿಗೆ ಇದ್ದದ್ದು ಆ ಮೋಟು ಚಿಲುಮೆ ಒಂದೇ.

ಕಿಮ್ಚಿ ಹಾಕುವ ದಿನ ಬಂತು. ಅಕ್ಕಪಕ್ಕದ ಹೆಂಗಸರು ತೋಳೇರಿಸಿಕೊಂಡು ಬಂದರು, ಅಂಗಳದಲ್ಲಿ ಎಲೆಕೋಸಿನ ರಾಶಿ. ಉಪ್ಪು ಖಾರ ನೋಡುವ ಹೊಣೆ ಎಂದಿನಂತೆ ದಲ್ಲೆಯದು. ಆ ಮನೆಯ ಕಿಮ್ಚಿಗೆ ಊರಲ್ಲೇ ಹೆಸರಿತ್ತು. ರುಚಿ ದಲ್ಲೆಯ ಕೈಯದು, ಹೊಗಳಿಕೆ ಅತ್ತೆಯ ಲೆಕ್ಕಕ್ಕೆ. ಅವಳು ಮಸಾಲೆಯನ್ನು ಬೆರಳಲ್ಲಿ ತೆಗೆದು ಬಾಯಿಗಿಟ್ಟಳು. ನಾಲಿಗೆಗೆ ಉರಿ ತಿಳಿಯಿತು, ಉಪ್ಪು ತಿಳಿಯಲಿಲ್ಲ. ಇನ್ನೊಂದು ಹಿಡಿ ಉಪ್ಪು ಹಾಕಿದಳು. ಆಗಲೂ ಚಪ್ಪೆ ಅನ್ನಿಸಿತು. ಹುದುಗಿಸಿದ ಸಿಗಡಿ ಒಂದು ಸೌಟು ಸುರಿದು, ಮೇಲೆ ಮತ್ತೆ ಉಪ್ಪು ಉದುರಿಸಿದಳು. ಅವಳ ನಾಲಿಗೆಯ ಮೇಲೆ ಎಲ್ಲರಿಗೂ ಎಷ್ಟು ನಂಬಿಕೆಯೆಂದರೆ ಯಾರೂ ನಡುವೆ ಬಾಯಿಗೆ ಹಾಕಿ ನೋಡಲಿಲ್ಲ. ಎಲೆಕೋಸಿಗೆ ಮೆತ್ತಿ, ಗುಡಾಣಗಳಿಗೆ ತುಂಬಿ, ನೆಲದಲ್ಲಿ ಹೂತರು. ಆಮೇಲೆ ಬೇಯಿಸಿದ ಹಂದಿಮಾಂಸದ ಜೊತೆ ಹೊಸ ಕಿಮ್ಚಿ ಬಾಯಿಗಿಟ್ಟವರು ಒಬ್ಬೊಬ್ಬರಾಗಿ ಅಗಿಯುವುದನ್ನು ನಿಲ್ಲಿಸಿದರು. ಎಲ್ಲರೂ ನೀರು ಕೇಳಿದರು. ತೋಫು ಅಜ್ಜಿ ಮಾತ್ರ ದಲ್ಲೆಯ ಕಡೆ ನೋಡಿ ಹಣೆ ಚಚ್ಚಿಕೊಂಡಳು.

ಎಲ್ಲರೂ ಹೋದ ಮೇಲೆ ಒಳಕೋಣೆಯಿಂದ ಟಣ್ ಟಣ್ ಕೇಳಿತು. ದಲ್ಲೆ ಹೋಗಿ ತಲೆ ತಗ್ಗಿಸಿ ಕೂತಳು. ಮುದುಕಿಯ ಮುಂದೆ ಕಿಮ್ಚಿಯ ತಟ್ಟೆ ಇತ್ತು, ಒಂದು ಎಲೆ ಕಚ್ಚಿಟ್ಟಿದ್ದಳು.

"ಮಗು, ನಾಲಿಗೆ ತೋರಿಸು."

ಮಗಳ ಮದುವೆ ಮಾಡಿದ ಹೆಂಗಸು ಚಿಕ್ಕ ಹುಡುಗಿಯ ಹಾಗೆ ನಾಲಿಗೆ ಚಾಚಿದಳು. ಮುದುಕಿ ಹತ್ತಿರ ಬಗ್ಗಿ ನೋಡಿದಳು. ಮೋಟು ಚಿಲುಮೆ ತಾನೆ ಅಂತ ಕೇಳಿದಳು. ಹೊಟ್ಟೆಹುಳುವಿಗೆ ಸೇದುತ್ತಿದ್ದೇನೆ ಅಂತ ದಲ್ಲೆ ಗೊಣಗಿದಳು. ಮುದುಕಿ ಮೂಗಿನಲ್ಲೇ ನಕ್ಕಳು.

"ನಂಗೂ ನಿನ್ನ ವಯಸ್ಸಲ್ಲಿ ಅದೇ ಹುಳ ಇತ್ತು," ಅಂದಳು. "ಮೋಟು ಕೊಳವೇಲಿ ಹೊಗೆ ಆರೋಕೆ ಜಾಗ ಇರಲ್ಲ. ಸಿಟ್ಟು ಬಂದಾಗ ಎಳೀಬೇಡ. ಬಟ್ಟಲು ಕೈಗೆ ಬಿಸಿ ತಾಗಿದ್ರೆ ಕೆಳಗಿಡು, ಆರಲಿ, ಆಮೇಲೆ ಎಳಿ. ಸೊಪ್ಪಿನ ಚೀಲಕ್ಕೆ ಒಂದು ಚೂರು ಮೂಲಂಗಿ ಹಾಕಿಡು, ಒಣಗಲ್ಲ."

ಇಷ್ಟು ಹೇಳಿ ಚಿಲುಮೆಯನ್ನು ಮುಂದೆ ಚಾಚಿದಳು, ದಲ್ಲೆ ಕೆಂಡ ಹಿಡಿದಳು. ಬೇರೆಯವಳಾಗಿದ್ದರೆ ಬೈಗುಳ ತಪ್ಪಿತಲ್ಲ ಅಂತ ಉಸಿರು ಬಿಡುತ್ತಿದ್ದಳೇನೋ. ದಲ್ಲೆಗೆ ತಲೆ ಮೇಲೆ ಮೆಣಸು ಅರೆದ ಹಾಗಾಯಿತು. ನಾಲಿಗೆ ಸುಟ್ಟದ್ದು ಕಾಣುತ್ತದೆ ಈ ಮುದುಕಿಗೆ, ಹೊಟ್ಟೆ ಸುಟ್ಟದ್ದು ಕಾಣುವುದಿಲ್ಲ. ತನಗೂ ಹಾಗೇ ಆಗಿತ್ತು ಅನ್ನುತ್ತಾಳೆ, ಆದರೂ ಇಷ್ಟು ವರ್ಷ ಟಣ್ ಟಣ್ ಅಂತ ಕುಟ್ಟಿದಳು. ಗೊತ್ತಿಲ್ಲದೆ ಕುಟ್ಟಿದ್ದರೆ ಹೋಗಲಿ ಅನ್ನಬಹುದಿತ್ತು, ಇವಳು ಗೊತ್ತಿದ್ದೇ ಕುಟ್ಟಿದಳಲ್ಲ. ಮಗನ ಮುಂದೆ ಒಂದು ಮಾತು ಆಡದ ಬಾಯಿ ಮೂಲಂಗಿ ಚೂರಿನ ವಿಷಯಕ್ಕೆ ತೆರೆಯಿತಲ್ಲ. ಹೀಗೆಲ್ಲ ಒಳಗೊಳಗೇ ಬೈದುಕೊಂಡು ಅಡುಗೆಮನೆಗೆ ಹೋದಳು. ಹೋಗಿ ಚೀಲಕ್ಕೆ ಮೂಲಂಗಿ ಚೂರು ಹಾಕಿದಳು. ಸಿಟ್ಟು ಇದ್ದರೂ ಬಾಯಿ ತನ್ನದೇ ತಾನೆ.

ಮೊದಲ ಹಿಮ ಬಿದ್ದ ವಾರ, ಒಂದು ಮಧ್ಯಾಹ್ನ, ಮಾನ್ಸು ಬಂದ. ಕಂಕುಳಲ್ಲಿ ದೊಡ್ಡ ಗಂಟು. ಒಳಕೋಣೆಯ ಎಲ್ಲಕ್ಕಿಂತ ಬೆಚ್ಚಗಿನ ಮೂಲೆಯಲ್ಲಿ ಅದನ್ನು ಇಳಿಸಿ ಬಿಚ್ಚಿದ. ಕೆಂಪು ರೇಷ್ಮೆಯ ಹೊಸ ರಜಾಯಿ. ಪೇಟೆಯವಳು ನಾಳಿದ್ದು ಬರುತ್ತಾಳೆ, ಅಷ್ಟರಲ್ಲಿ ಹಿತ್ತಲ ಕೋಣೆ ಗುಡಿಸಿಕೋ ಅಂತ ಹೆಂಡತಿಗೆ ಹೇಳಿದ. ದಲ್ಲೆ ಊಟದ ಮಣೆ ತಂದಿಟ್ಟಳು. ಅವನು ಕಿಮ್ಚಿಯನ್ನು ಬಾಯಿಗಿಟ್ಟು ತಟ್ಟೆಗೇ ಉಗಿದ.

"ಥೂ, ಉಪ್ಪಿನ ಗುಡ್ಡೆ. ಇಂಥ ಕಿಮ್ಚಿ ಹಾಕೋಳಿಗೆ ಒಳಕೋಣೆ ಬೇರೆ ಕೇಡು."

ಒಳಕೋಣೆ ಬೇಕು ಅಂತ ದಲ್ಲೆ ಒಂದು ದಿನವೂ ಬಾಯಿಬಿಟ್ಟು ಕೇಳಿದವಳಲ್ಲ. ಕೇಳದೆಯೇ ಈ ಮಾತು ಕೇಳಬೇಕಾಯಿತು. ಅವಳು ಅಗ್ಗಿಷ್ಟಿಕೆಯ ಪಕ್ಕ, ಅತ್ತೆಗೆ ಎದುರಾಗಿ ಕೂತಳು. ಸೊಂಟದ ಚೀಲದಿಂದ ಮೋಟು ಚಿಲುಮೆ ತೆಗೆದಳು, ಸೊಪ್ಪು ತುಂಬಿ ಹೆಬ್ಬೆರಳಲ್ಲಿ ಒತ್ತಿದಳು, ಇಕ್ಕಳದಲ್ಲಿ ಕೆಂಡ ಎತ್ತಿ ಬಟ್ಟಲಿಗಿಟ್ಟು ಎಳೆದಳು. ಹೊಗೆ ಅತ್ತೆಯ ಮುಖದ ಕಡೆಗೇ ಹೋಯಿತು.

ಮಾನ್ಸುವಿನ ಬಾಯಲ್ಲಿದ್ದ ಅನ್ನ ಹಾಗೇ ಉಳಿಯಿತು. ಅವನು ಹುಟ್ಟಿದಾಗಿನಿಂದ ಅಮ್ಮನ ಎದುರು ಯಾರೂ ಹೊಗೆ ಬಿಟ್ಟದ್ದನ್ನು ಕಂಡಿರಲಿಲ್ಲ. ಕಣ್ಣು ಕೆಂಪಗೆ ಮಾಡಿಕೊಂಡು ಕೂಗಾಡಿದ. ಆದರೆ ಒಳಗೊಳಗೆ ಅವನಿಗೆ ಖುಷಿಯೇ ಆಗಿರಬೇಕು. ಅತ್ತೆಯ ಮುಖಕ್ಕೆ ಹೊಗೆ ಬಿಟ್ಟ ಸೊಸೆಯನ್ನು ಹಿತ್ತಲ ಕೋಣೆಗಲ್ಲ, ಮನೆಯಿಂದಲೇ ಅಟ್ಟಿದರೂ ಊರಿನಲ್ಲಿ ಯಾರೂ ಯಾಕೆ ಅಂತ ಕೇಳುವುದಿಲ್ಲ.

"ಅಮ್ಮಾ, ನೋಡಿದ್ರಾ ಇವಳ ಕೊಬ್ಬು," ಅಂದ. "ನೀವೇ ಹೇಳಿ ಈಗ. ಇವಳನ್ನ ಏನು ಮಾಡ್ಲಿ?"

ದಲ್ಲೆಗೂ ಅದು ಗೊತ್ತಿತ್ತು. ಸಿಟ್ಟಿನಲ್ಲಿ ಜೋರಾಗಿ ಎಳೆದದ್ದಕ್ಕೆ ನಾಲಿಗೆ ಮತ್ತೆ ಸುಟ್ಟಿತ್ತು. ಬಟ್ಟಲು ಬಿಸಿಯಾದದ್ದು ಬೆರಳಿಗೆ ತಾಗಿತು. ಮೆಲ್ಲಗೆ ಕೆಳಗಿಟ್ಟು ಆರುವುದಕ್ಕೆ ಕಾದಳು. ಮುದುಕಿ ಅದನ್ನೇ ನೋಡುತ್ತಿದ್ದಳು.

ಮುದುಕಿ ತನ್ನ ಚಿಲುಮೆಯನ್ನು ಬೂದಿಬಟ್ಟಲಿಗೆ ಕುಟ್ಟಿದಳು. ಟಣ್. ದಲ್ಲೆ ಎರಡನೆಯ ಏಟಿಗೆ ಕಾದಳು. ಅದು ಬರಲಿಲ್ಲ. ಮುದುಕಿ ಹೊಸ ಸೊಪ್ಪು ತುಂಬಿದಳು, ಕೊಳವೆಯ ತುದಿಯನ್ನು ತೋಳಿಗೆ ಒರೆಸಿದಳು, ಒರೆಸಿದ ತುದಿಯನ್ನು ಸೊಸೆಯ ಕಡೆ ತಿರುಗಿಸಿದಳು.

"ಆ ಮೋಟನ್ನ ಇತ್ಲಾಗೆ ಕೊಡು, ಬಾಯಿ ಸುಡತ್ತೆ. ಇದನ್ನ ಹಿಡಿ." ಆಮೇಲೆ ಮಗನ ಕಡೆ ನೋಡಿದಳು. "ಮಾನ್ಸು, ಕೆಂಡ ಹಿಡಿ."

ಅವನಿಗೆ ಅರ್ಥವಾಗಲಿಲ್ಲ. ಯಾರಿಗೆ ಅಂತ ಕೇಳಿದ.

"ಒಳಕೋಣೆ ಯಜಮಾನಿಗೆ ಕಣೋ. ಅವಳ ಕೈ ಅಲ್ಲಿಗೆ ಎಟುಕತ್ತಾ?"

ಅಮ್ಮನ ಮಾತು ಮೀರಿ ಅವನಿಗೆ ಅಭ್ಯಾಸವಿರಲಿಲ್ಲ. ಚಿನ್ನದ ಹಲ್ಲಿನ ಗಿರಣಿ ಸಾಹುಕಾರ ಹೆಂಡತಿಯ ಎದುರು ಮಂಡಿಯೂರಿ, ಇಕ್ಕಳದಲ್ಲಿ ಕೆಂಡ ಎತ್ತಿ, ಎರಡು ಮೊಳ ದೂರದ ಬಟ್ಟಲಿಗೆ ಹಿಡಿದ. ಮುದುಕಿ ಮೋಟು ಚಿಲುಮೆಗೆ ತಾನೇ ಕೆಂಡ ತಾಗಿಸಿಕೊಂಡಳು. ಅತ್ತೆ ಸೊಸೆ ಎದುರುಬದುರು ಕೂತು ಸೇದಿದರು. ಅವನ ಸಿಗರೇಟು ಕಾಲುಚೀಲದಲ್ಲೇ ಇತ್ತು.

ದಲ್ಲೆ ನಿಧಾನವಾಗಿ ಎಳೆದಳು. ಉದ್ದ ಕೊಳವೆಯಲ್ಲಿ ಹೊಗೆ ಆರಿ ಬಂತು. ಇಷ್ಟು ದಿನದಲ್ಲಿ ಮೊದಲ ಸಲ ಬಾಯಿ ಉರಿಯಲಿಲ್ಲ. ಆದರೆ ಸಿಟ್ಟು ಹಾಗೇ ಇತ್ತು, ಇನ್ನೂ ಜಾಸ್ತಿಯೇ ಆಯಿತು ಅನ್ನಬೇಕು. ಅತ್ತೆಯ ಮುಖವನ್ನೇ ನೋಡಿ ಹೇಳಿದಳು.

"ಒಂದು ಮಾತು ಸಾಕಿತ್ತಲ್ಲ ಅತ್ತೆಮ್ಮ. ಇವರು ಪೇಟೇಲಿ ಉಳ್ಕೊಳ್ಳೋಕೆ ಶುರು ಮಾಡಿದ ದಿನಾನೇ ಹೇಳಬಹುದಿತ್ತಲ್ಲ. ಇಷ್ಟು ವರ್ಷ ಬೇಕಾಯ್ತಾ?"

ಮುದುಕಿ ಮೋಟು ಚಿಲುಮೆಯನ್ನು ಬಾಯಿಂದ ತೆಗೆದು ನಾಲಿಗೆ ಸವರಿಕೊಂಡಳು. ಇದು ಸುಡುತ್ತದಲ್ಲೇ ಅಂದಳು.

"ಸುಡಲಿ ಬಿಡಿ," ಅಂದಳು ದಲ್ಲೆ. ಆಮೇಲೆ ಗಂಡನ ಕಡೆ ತಿರುಗಿದಳು. "ಆ ಗಂಟು ಕಟ್ಕೊಂಡು ಹೋಗಿ. ಒಂದು ಗುಡಾಣ ಕಿಮ್ಚೀನೂ ಕೊಡ್ತೀನಿ, ತಗೊಂಡ್ಹೋಗಿ ಅವಳಿಗೆ ಕೊಡಿ. ಉಪ್ಪಾದ್ರೆ ನೀರು ಕುಡೀರಿ."

ಅವನು ರಜಾಯಿ ಹೊತ್ತು ಹೋದ, ಕಿಮ್ಚಿ ಒಯ್ಯಲಿಲ್ಲ. ಗಿರಣಿ ಪೇಟೆಯಲ್ಲೇ ಉಳಿಯಿತು, ಆ ಹೆಂಗಸೂ ಅಲ್ಲೇ ಉಳಿದಳು, ಅದನ್ನೇನು ಒಂದು ಚಿಲುಮೆ ಹೊಗೆ ಬದಲಾಯಿಸಲಿಲ್ಲ. ಅದೇ ಸಂಜೆ ದಲ್ಲೆ ಅತ್ತೆಯ ಹಾಸಿಗೆಯನ್ನು ಎದುರು ಕೋಣೆಗೆ ಹಾಕಿದಳು, ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಕುಡುಗೋಲು ತಂದು ಉದ್ದ ಚಿಲುಮೆಯ ಬಿದಿರನ್ನು ಅರ್ಧಕ್ಕೆ ಕಡಿದಳು. ಮುದುಕಿ ಹೊಸ್ತಿಲಲ್ಲಿ ನಿಂತು ಅಯ್ಯೋ ಅಂದಳು, ತನ್ನ ಅತ್ತೆಯ ಕಾಲದ್ದು ಕಣೆ ಅದು ಅಂದಳು. ಗೊತ್ತು, ಅದಕ್ಕೇ ಕಡಿದದ್ದು ಅಂತ ದಲ್ಲೆ ತಲೆ ಎತ್ತದೆ ಹೇಳಿದಳು. ಕಡಿದು ಉಳಿದದ್ದು ಹೊಗೆ ಆರುವಷ್ಟು ಉದ್ದವಿತ್ತು, ಸ್ವಂತ ಕೈ ಎಟುಕುವಷ್ಟು ಮೋಟಾಗಿತ್ತು.

ಮರುದಿನ ಬೆಳಿಗ್ಗೆ ಅವಳು ಒಳಕೋಣೆಯ ಬಿಸಿ ನೆಲದ ಮೇಲೆ ಕೂತು ತಾನೇ ಕೆಂಡ ಇಟ್ಟುಕೊಂಡು ಸೇದುತ್ತಿದ್ದಳು. ಎದುರು ಕೋಣೆಯಿಂದ ಸದ್ದು ಬಂತು. ಬೂದಿಬಟ್ಟಲು ಒಳಕೋಣೆಯಲ್ಲೇ ಉಳಿದಿತ್ತು, ಹಾಗಾಗಿ ಮುದುಕಿ ಮೋಟು ಚಿಲುಮೆಯನ್ನು ಹೊಸ್ತಿಲ ಮರಕ್ಕೆ ಕುಟ್ಟುತ್ತಿದ್ದಳು. ಟಕ್, ಟಕ್. ದಲ್ಲೆಯ ಕಾಲು ತನ್ನಷ್ಟಕ್ಕೆ ತಾನೇ ಅರ್ಧ ಎದ್ದಿತು, "ಬಂದೆ" ಅನ್ನುವುದು ಬಾಯಿಗೆ ಬಂತು. ಅದನ್ನು ನುಂಗಿ ಮತ್ತೆ ಕೂತಳು. ಮತ್ತೊಮ್ಮೆ ಟಕ್ ಟಕ್ ಕೇಳಿತು. ಅವಳು ಅವಸರ ಮಾಡದೆ ಕೊನೆಯ ದಮ್ಮಿನವರೆಗೆ ಸೇದಿದಳು. ಆಮೇಲೆ ಚಿಲುಮೆಯನ್ನು ಹಿತ್ತಾಳೆಯ ಅಂಚಿಗೆ ಒಂದೇ ಏಟು ಕುಟ್ಟಿದಳು. ಬೂದಿ ಉದುರಿತು. ಮುದುಕಿಗೆ ಏನು ಬೇಕೋ ನೋಡೋಣ ಅಂತ ಎದ್ದಳು.